ಕೊಲೆಸ್ಟೆರಾಲ್ ಗುಳಿಗೆ ಶ್ವಾಸಕೋಶಕ್ಕೂ ನಡೀತದೇನು?

ತಡವಳದಲ್ಲಾಗಲಿ ಅಕ್ಕಲಕೋಟದಲ್ಲಾಗಲಿ, ಹಿರಿಯರ ಗುಳಿಗೆ ಡಬ್ಬಿ ತೆರೆದು ನೋಡಿರಿ. ಬಿ.ಪಿ., ಶುಗರ್ ಗುಳಿಗೆಗಳ ಜೊತೆ ಅಟೋರ್ವಾಸ್ಟಾಟಿನ್ ಸಹ ಅನೇಕ ಕಡೆ ಸಿಗುತ್ತದೆ. ‘ಸರ್, ಇದು ಕೊರೊನಾ ನ್ಯುಮೋನಿಯಾಕ್ಕೂ ನಡೀತದಂತ, ಖರೇ ಏನ್ರಿ?’ ಎಂದು ಮಕ್ಕಳು ಕೇಳಿದರೆ ಒಂದೇ ಮಾತಿನಲ್ಲಿ ಮುಗಿಸಬೇಡಿರಿ. ಅದರಲ್ಲಿ ಒಳ್ಳೆಯ ಪಾಠವಿದೆ.

ವೈರಸ್ ಹೊಕ್ಕ ಶ್ವಾಸಕೋಶದ ಹಾನಿಯೆಲ್ಲ ವೈರಸ್ಸಿನದೇ ಅಲ್ಲ. ಅದನ್ನು ಓಡಿಸಲು ಬಂದ ಬಿಳಿ ರಕ್ತಕಣಗಳ ಆರ್ಭಟ ಮಿತಿಮೀರಿದರೆ ಸಣ್ಣ ರಕ್ತನಾಳಗಳು ಸೋರಿ, ವಾಯುಕೋಶಗಳಲ್ಲಿ ನೀರು ತುಂಬುತ್ತದೆ. ಇಲಿ ಕಾಟಕ್ಕೆ ಮನೆಗೇ ಬೆಂಕಿ ಹಚ್ಚಿದ ಹಾಗೆ!

ಸ್ಟಾಟಿನ್ ತಡೆಯುವುದು ಕೊಲೆಸ್ಟೆರಾಲ್ ತಯಾರಿಕೆಯ ಒಂದು ಕಿಣ್ವವನ್ನು. (ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಮೊದಲ ಸ್ಟಾಟಿನ್ ಕಂಡುಕೊಂಡದ್ದು ಪೆನಿಸಿಲಿಯಂ ಬೂಷ್ಟಿನಲ್ಲಿ. ಪೆನಿಸಿಲಿನ್ ಪಾಠದಲ್ಲಿ ಇದನ್ನೂ ಹೇಳಿರಿ.) ಅದೇ ದಾರಿಯಲ್ಲಿ ಐಸೊಪ್ರಿನಾಯ್ಡ್ ಎಂಬ ಕೊಬ್ಬಿನ ಬಾಲಗಳೂ ತಯಾರಾಗುತ್ತವೆ. ಜೀವಕೋಶದೊಳಗಿನ ರೋ, ರಾಸ್ ಪ್ರೋಟೀನುಗಳು ಈ ಬಾಲದಿಂದಲೇ ಕೋಶಪೊರೆಗೆ ಅಂಟಿಕೊಂಡು ಸಂದೇಶ ದಾಟಿಸುತ್ತವೆ. ಬಾಲ ಸಿಗದಿದ್ದರೆ ಉರಿಯೂತದ ಸಂದೇಶವೂ ಕುಂದುತ್ತದೆ.

ಕಾಗದದ ಮೇಲೆ ಇಷ್ಟು ಚಂದ. ರೋಗಿಯಲ್ಲಿ ಏನಾಯ್ತು? ದೆಹಲಿಯ ಏಮ್ಸ್‌ನಲ್ಲಿ 900 ಕೊರೊನಾ ರೋಗಿಗಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪು ಮಾಡಿ, ಅಟೋರ್ವಾಸ್ಟಾಟಿನ್ 40 ಮಿ.ಗ್ರಾಂ., ಆಸ್ಪಿರಿನ್, ಎರಡೂ, ಅಥವಾ ರೂಢಿಯ ಚಿಕಿತ್ಸೆ ಮಾತ್ರ ಕೊಟ್ಟರು. ರೋಗ ಉಲ್ಬಣಿಸಿದವರ ಪ್ರಮಾಣದಲ್ಲಿ ಹೇಳಿಕೊಳ್ಳುವ ಫರಕು ಕಾಣಲಿಲ್ಲ. ಐಸಿಯು ರೋಗಿಗಳ ಇರಾನಿನ ಪ್ರಯೋಗದಲ್ಲೂ ಅಟೋರ್ವಾಸ್ಟಾಟಿನ್‌ನಿಂದ ಸ್ಪಷ್ಟ ಲಾಭ ಸಿಗಲಿಲ್ಲ.

2023ರಲ್ಲಿ ಪ್ರಕಟವಾದ ರೆಮ್ಯಾಪ್-ಕ್ಯಾಪ್ ಪ್ರಯೋಗ ಮಾತ್ರ ನಮ್ಮನ್ನು ನಿಲ್ಲಿಸಿ ಯೋಚಿಸುವಂತೆ ಮಾಡುತ್ತದೆ. ತೀವ್ರ ಅಸ್ವಸ್ಥರಾದ 2,684 ರೋಗಿಗಳು, ಔಷಧ ಸಿಮ್ವಾಸ್ಟಾಟಿನ್. ವೆಂಟಿಲೇಟರಿನಂಥ ಆಸರೆಯಿಲ್ಲದೆ ಬದುಕಿದ ದಿನಗಳ ಮಧ್ಯಾಂಕ ಔಷಧ ಪಡೆದವರಲ್ಲಿ 11, ಪಡೆಯದವರಲ್ಲಿ 7. ಲಾಭವಿರುವ ಸಂಭವನೀಯತೆ 95.9%. ಆದರೆ ಸಂಶೋಧಕರು ಮೊದಲೇ ಹಾಕಿಕೊಂಡ ಗೆರೆ 99%! ರೋಗಿಗಳೇ ಕಡಿಮೆಯಾಗಿ ಪ್ರಯೋಗ ಅಲ್ಲಿಗೆ ನಿಂತಿತು. ಗೆದ್ದಿತೆಂದೂ ಅನ್ನುವಂತಿಲ್ಲ, ಸೋತಿತೆಂದೂ ಅನ್ನುವಂತಿಲ್ಲ. ಫಲಿತಾಂಶ ಬಂದ ಮೇಲೆ ಗೆರೆ ಸರಿಸಲಿಲ್ಲವಲ್ಲ, ನನಗೆ ಹೆಚ್ಚು ಹಿಡಿಸಿದ್ದು ಅದೇ. ಮಧ್ಯಾಂಕ, ಸಂಭವನೀಯತೆ ಎರಡೂ ನಮ್ಮ ಗಣಿತದಲ್ಲೇ ಇವೆ. ಈ ಅಂಕಿಗಳನ್ನು ಫಳಕದ ಮೇಲೆ ಬರೆದು ಮಕ್ಕಳನ್ನೇ ತೀರ್ಪು ಕೇಳಿರಿ.

ಮನೆಯವರಿಗೂ ಒಂದು ಮಾತು ಮುಟ್ಟಿಸಿರಿ. ಕೆಮ್ಮು ಬಂತೆಂದು ಅಜ್ಜನ ಸ್ಟಾಟಿನ್ ಗುಳಿಗೆ ಬೇರೆಯವರು ನುಂಗಬಾರದು. ಜ್ವರ ಬಂತೆಂದು ಅಜ್ಜ ತಾನಾಗಿಯೇ ಬಿಡಲೂಬಾರದು, ಅದು ಅವನ ಹೃದಯ ಕಾಯಲು ಕೊಟ್ಟದ್ದು. ಸ್ನಾಯು ವಿಪರೀತ ನೋಯ್ದು ಮೂತ್ರ ಕಪ್ಪಾದರೆ ಮಾತ್ರ ತಡಮಾಡದೆ ಡಾಕ್ಟರರ ಬಳಿ ಕರೆದೊಯ್ಯಿರಿ, ಗುಳಿಗೆಯ ಚೀಟಿಯನ್ನೂ ಒಯ್ಯಿರಿ.