ಕಿನ್ನಾಳ ಬೊಂಬೆಯ ಸರ, ಗಣಕಯಂತ್ರದ ಕುಸುರಿ

ಕೊಪ್ಪಳ: ತಾಲ್ಲೂಕಿನ ಕಿನ್ನಾಳದ ಕಲಾವಿದರು ನುಣುಪಾದ ಮರದ ಬೊಂಬೆಯ ಮೇಲೆ ಕಲ್ಲಿನ ಪುಡಿ ಹಾಗೂ ಗೋಂದಿನ ಮಿಶ್ರಣದಿಂದ ಆಭರಣಗಳನ್ನು ಉಬ್ಬಿಸಿ, ಅನಂತರ ಬಣ್ಣ ಹಚ್ಚುತ್ತಾರೆ. ಗಣಕಯಂತ್ರದಲ್ಲಿಯೂ ನುಣುಪು ಮೇಲ್ಮೈಗೆ ಕುಸುರಿ ಸೇರಿಸಬಹುದು. ಆದರೆ ಅಲ್ಲಿ ದಾರಿ ಎರಡು.

1978ರಲ್ಲಿ ಜೇಮ್ಸ್ ಬ್ಲಿನ್ ವಿವರಿಸಿದ ‘ಬಂಪ್ ಮ್ಯಾಪಿಂಗ್’ ಬೆಳಕು–ನೆರಳನ್ನಷ್ಟೇ ಬದಲಿಸುತ್ತದೆ. ಸರ ಉಬ್ಬಿದಂತೆ ಕಂಡರೂ ಬೊಂಬೆಯ ಅಂಚು ನುಣುಪಾಗಿಯೇ ಉಳಿಯುತ್ತದೆ. ಒಂದರ್ಥದಲ್ಲಿ ಇದು ಬರೀ ಬಣ್ಣ. ‘ಡಿಸ್‌ಪ್ಲೇಸ್‌ಮೆಂಟ್ ಮ್ಯಾಪಿಂಗ್’ ಹಾಗಲ್ಲ. ಮೇಲ್ಮೈಯನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆದು, ಎತ್ತರದ ನಕ್ಷೆಗೆ ಅನುಗುಣವಾಗಿ ಪ್ರತಿ ಬಿಂದುವನ್ನೂ ಸರಿಸಲಾಗುತ್ತದೆ. ಹೆಚ್ಚು ಮೆಮೊರಿ ಬೇಡುವ ಕೆಲಸವಿದು.

ವಿಡಿಯೊ ಗೇಮ್‌ಗೆ ಬಹುತೇಕ ಭ್ರಮೆಯೇ ಸಾಕು. ಬೊಂಬೆಯ ರೂಪವನ್ನು ಮುಂದಿನ ತಲೆಮಾರಿಗೆ ದಾಖಲಿಸಿಡಲು ಅದು ಸಾಲದು. ಬಂಪ್ ಮಾದರಿಯನ್ನು ತ್ರೀಡಿ ಮುದ್ರಣಕ್ಕೆ ಕಳುಹಿಸಿದರೆ ಹೊರಬರುವುದು ಸರವಿಲ್ಲದ ಬೊಂಬೆ.