ಏನೂ ನಡೆಯದ ರಾತ್ರಿಗಳ ದಾಖಲೆ

2010ರ ಜನವರಿ 28ರ ಬೆಳಗಿನ ಜಾವ ಅಮೆರಿಕದ ಫ್ಲಾರಿಡಾದಲ್ಲಿ ಬಾರ್ಬರಾ ಹ್ಯಾರಿಸ್ ಮತ್ತು ಶಾನ್ ಡ್ವೊರಾಕ್ ಎಂಬ ಇಬ್ಬರು ಹವ್ಯಾಸಿ ಖಗೋಳವೀಕ್ಷಕರು ವೃಶ್ಚಿಕ ರಾಶಿಯ ಯು ಸ್ಕಾರ್ಪಿ ನಕ್ಷತ್ರ ಸ್ಫೋಟಿಸಿರುವುದನ್ನು ಬೇರೆಬೇರೆಯಾಗಿ ಕಂಡರು. ಸಾಮಾನ್ಯ ದಿನಗಳಲ್ಲಿ 18ನೇ ಕಾಂತಿಮಾನದಷ್ಟು ಮಂಕಾಗಿರುವ ಅದು 8ರ ಆಸುಪಾಸಿಗೆ ಏರಿತ್ತು (ಅಂಕಿ ಇಳಿದಷ್ಟೂ ಕಾಂತಿ ಹೆಚ್ಚು). ಎಂದರೆ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು ಬೆಳಗುತ್ತಿತ್ತು. ಸುದ್ದಿ ತಿಳಿದದ್ದೇ ತಡ, ವೃತ್ತಿಪರ ವೀಕ್ಷಣಾಲಯಗಳೂ ನಾಸಾದ ಸ್ವಿಫ್ಟ್ ಉಪಗ್ರಹವೂ ಅತ್ತ ತಿರುಗಿದವು. ಇಂಥ ಘಟನೆಗಳನ್ನು ಅದೃಷ್ಟದ ಕಥೆಯಾಗಿ ಓದುವುದು ನಮಗೆ ರೂಢಿ. ಆದರೆ ಆ ಇಬ್ಬರೂ ಅದೇ ನಕ್ಷತ್ರವನ್ನು ಉದ್ದೇಶಪೂರ್ವಕವಾಗಿ ಕಾಯುತ್ತಿದ್ದರು. ಹವ್ಯಾಸಿಗಳ ನಿಜವಾದ ಕೊಡುಗೆ ಸ್ಫೋಟ ಕಂಡ ರಾತ್ರಿಗಿಂತ ಹೆಚ್ಚಾಗಿ ಏನೂ ಕಾಣದ ರಾತ್ರಿಗಳಲ್ಲಿದೆ ಎಂಬುದೇ ನನ್ನ ವಾದ.

ಯು ಸ್ಕಾರ್ಪಿ ವಾಸ್ತವವಾಗಿ ಜೋಡಿ ನಕ್ಷತ್ರ. ಒಂದು ಶ್ವೇತಕುಬ್ಜ, ಇನ್ನೊಂದು ಅದಕ್ಕೆ ಹೈಡ್ರೋಜನ್ ಉಣಿಸುವ ಸಂಗಾತಿ. ಸುಮಾರು ಮೂವತ್ತು ಗಂಟೆಗೊಮ್ಮೆ ಅವು ಒಂದನ್ನೊಂದು ಸುತ್ತುತ್ತವೆ. ಶ್ವೇತಕುಬ್ಜದ ಮೇಲೆ ಪೇರಿಸಿಕೊಂಡ ಅನಿಲದಲ್ಲಿ ಬೈಜಿಕ ದಹನ ಹೊತ್ತಿ, ಹೊರಪದರ ಸಿಡಿದು ಹೋಗುತ್ತದೆ. ಒಳಗಿನ ನಕ್ಷತ್ರ ಉಳಿದು, ಪೇರಿಕೆ ಮತ್ತೆ ಶುರುವಾಗುತ್ತದೆ. ಈ ಶ್ವೇತಕುಬ್ಜದ ದ್ರವ್ಯರಾಶಿ ಚಂದ್ರಶೇಖರ್ ಮಿತಿಗೆ, ಎಂದರೆ ಶ್ವೇತಕುಬ್ಜವೊಂದು ತಾಳಬಲ್ಲ ಗರಿಷ್ಠ ಭಾರಕ್ಕೆ, ತೀರ ಹತ್ತಿರವಿದೆ. ಹಾಗಾಗಿ ಪ್ರತಿ ಸ್ಫೋಟದ ಬಳಿಕ ಅದರ ತೂಕ ಏರಿತೋ ಇಳಿಯಿತೋ ಎಂಬುದು ಸೂಪರ್‌ನೋವಾಗಳ ಹುಟ್ಟಿಗೇ ಸಂಬಂಧಿಸಿದ ಪ್ರಶ್ನೆ. ಯು ಸ್ಕಾರ್ಪಿಯ ಸ್ಫೋಟವನ್ನು ಮೊದಲು ಕಂಡವರು ಮದ್ರಾಸ್ ವೀಕ್ಷಣಾಲಯದ ನಾರ್ಮನ್ ಪಾಗ್ಸನ್, 1863ರ ಮೇ ತಿಂಗಳಲ್ಲಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಇಂದು ಆ ವೀಕ್ಷಣಾಲಯದ ವಾರಸುದಾರ. ಆಮೇಲೆ 1906, 1917, 1936, 1945ರಲ್ಲಿ ಸ್ಫೋಟಗಳಾದಾಗ ಜಗತ್ತಿಗೆ ಅದರ ಅರಿವೇ ಇರಲಿಲ್ಲ. ಹಾರ್ವರ್ಡ್‌ನ ಹಳೆಯ ಗಾಜಿನ ಛಾಯಾಫಲಕಗಳನ್ನು ಹುಡುಕಿದಾಗಲಷ್ಟೇ ಅವು ಸಿಕ್ಕವು. ಸ್ಫೋಟಗಳ ನಡುವಿನ ಮಂಕು ವರ್ಷಗಳ ಕಾಂತಿಯನ್ನು ಲೆಕ್ಕಹಾಕಿ, ಅನಿಲ ಎಷ್ಟು ಪೇರಿರಬೇಕೆಂದು ಅಂದಾಜಿಸಿ, ಮುಂದಿನದು 2009ರ ಆಚೀಚೆ ಎಂದು ಖಗೋಳವಿಜ್ಞಾನಿ ಬ್ರಾಡ್ಲಿ ಶೇಫರ್ 2005ರಲ್ಲೇ ಹೇಳಿದ್ದರು. ಹವ್ಯಾಸಿಗಳನ್ನು ಕಾವಲಿಗೆ ಅಣಿಗೊಳಿಸಿದ್ದು ಆ ಮುನ್ಸೂಚನೆಯೇ.

ಈ ಕಾವಲಿಗೆ ಮನೆಯಂತಿರುವುದು 1911ರಲ್ಲಿ ವಿಲಿಯಂ ಟೈಲರ್ ಆಲ್ಕಾಟ್ ಕಟ್ಟಿದ, ಚಂಚಲ ನಕ್ಷತ್ರಗಳ ವೀಕ್ಷಕರ ಅಮೆರಿಕನ್ ಸಂಘ ಎಎವಿಎಸ್‌ಒ. ಕೆಲಸ ಕೇಳಲು ಸರಳ: ನಕ್ಷತ್ರವನ್ನು ಪಕ್ಕದ ಸ್ಥಿರ ಕಾಂತಿಯ ತಾರೆಗಳೊಂದಿಗೆ ಹೋಲಿಸಿ ಕಾಂತಿಮಾನ ಅಂದಾಜಿಸುವುದು, ಸಮಯ ಬರೆಯುವುದು, ಕಾಣದಿದ್ದರೆ 'ಇಷ್ಟು ಕಾಂತಿಯವರೆಗೆ ನೋಡಿದೆ, ಕಾಣಲಿಲ್ಲ' ಎಂದೂ ಬರೆಯುವುದು. ಬಂಗಾಳದ ಜೆಸ್ಸೋರ್‌ನ ಖಜಾನೆ ನೌಕರ ರಾಧಾಗೋವಿಂದ ಚಂದ್ರ ಹೀಗೆ ಬರೆದ ದಾಖಲೆಗಳು 37 ಸಾವಿರಕ್ಕೂ ಹೆಚ್ಚು. 1926ರಲ್ಲಿ ಸಂಘವು ಅವರಿಗೆ ಆರಿಂಚಿನ ದೂರದರ್ಶಕ ಕಳುಹಿಸಿತು. ಅವರ ಬಳಿಕ ಅದು ಖಗೋಳವಿಜ್ಞಾನಿ ವೈನು ಬಾಪು ಅವರ ಕೈಸೇರಿ ತಮಿಳುನಾಡಿನ ಕಾವಲೂರು ವೀಕ್ಷಣಾಲಯಕ್ಕೆ ಬಂತು. ಖಗೋಳಶಾಸ್ತ್ರದ ಪದವಿಯೇ ಇಲ್ಲದ ಮನುಷ್ಯನ ಅಂಕಿಗಳಿಗೆ ಅಮೆರಿಕದ ಆ ಸಂಘದಲ್ಲಿ ಬೆಲೆಯಿತ್ತು ಎನ್ನುವುದು ನನಗೆ ಬಹು ದೊಡ್ಡ ಮಾತು.

ಯಂತ್ರಗಳೇ ಆಕಾಶವನ್ನು ರಾತ್ರಿಯಿಡೀ ಸೋಸುತ್ತಿರುವಾಗ ಇವರೇಕೆ ಎಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಮಸುಕಾದ ನಕ್ಷತ್ರಗಳಲ್ಲಿ ಸ್ವಯಂಚಾಲಿತ ಸಮೀಕ್ಷೆಗಳ ಮುಂದೆ ಯಾರೂ ನಿಲ್ಲಲಾರರು. ಆದರೆ ಮಸುಕು ನೋಡಲೆಂದೇ ಕಟ್ಟಿದ ಕ್ಯಾಮೆರಾ ಪ್ರಕಾಶಮಾನ ತಾರೆಯೆದುರು ಕುರುಡಾಗುತ್ತದೆ. ಬೆಳಕು ತುಂಬಿ ತುಳುಕಿ ಅಳತೆಯೇ ಸಿಗುವುದಿಲ್ಲ. 2021ರ ಆಗಸ್ಟ್‌ನಲ್ಲಿ ಆರ್‌ಎಸ್ ಒಫಿಯೂಕಿ ಎಂಬ ಇಂಥದೇ ನಕ್ಷತ್ರದ ಸ್ಫೋಟವನ್ನು ಮೊದಲು ಸಾರಿದವರು ಐರ್ಲೆಂಡಿನ ಕೀತ್ ಗಿಯರಿ, 2022ರ ಜೂನ್‌ನಲ್ಲಿ ಯು ಸ್ಕಾರ್ಪಿಯದನ್ನು ಸಾರಿದವರು ಜಪಾನಿನ ಮಸಾಯುಕಿ ಮೋರಿಯಾಮ. ಈ ಎರಡು ಸ್ಫೋಟಗಳೂ ಆದದ್ದು ಸ್ವಯಂಚಾಲಿತ ಸಮೀಕ್ಷೆಗಳ ಕಾಲದಲ್ಲೇ. ಅದೂ ಅಲ್ಲದೆ ಯು ಸ್ಕಾರ್ಪಿ ಎರಡು ಮೂರು ದಿನಗಳಲ್ಲೇ ಮೂರು ಕಾಂತಿಮಾನ ಕುಸಿಯುತ್ತದೆ. ಫ್ಲಾರಿಡಾದಲ್ಲಿ ಸೂರ್ಯ ಮೂಡಿದ ಮೇಲೆ ಬೇರೆ ರೇಖಾಂಶದ ಯಾರಾದರೂ ನೋಡಲೇಬೇಕು. ದೊಡ್ಡ ದೂರದರ್ಶಕದ ಸಮಯವನ್ನು ತಿಂಗಳುಗಟ್ಟಲೆ ಮೊದಲೇ ಹಂಚಿರುತ್ತಾರೆ. ಹಿತ್ತಿಲ ದೂರದರ್ಶಕಕ್ಕೆ ಆ ತೊಡಕಿಲ್ಲ. 2010ರಲ್ಲಿ ಸಂಗಾತಿ ನಕ್ಷತ್ರ ಶ್ವೇತಕುಬ್ಜವನ್ನು ಮರೆಮಾಡುವ ಗ್ರಹಣಗಳು ಮತ್ತೆ ಯಾವಾಗ ಕಾಣತೊಡಗಿದವು ಎಂಬುದು ಗೊತ್ತಾದದ್ದು ಹೀಗೆ ದೇಶದೇಶಗಳ ಅಳತೆಗಳನ್ನು ಜೋಡಿಸಿದ್ದರಿಂದ. ಕಣ್ಣಂದಾಜು ಒರಟು ಎಂಬ ದೂರೂ ಉಂಟು. ಒಬ್ಬರ ಅಂದಾಜು ಒರಟೇ ಹೌದು, ಆದರೆ ನೂರು ಜನರ ಸರಾಸರಿ ಅಷ್ಟು ಒರಟಲ್ಲ. ಶತಮಾನದುದ್ದಕ್ಕೂ ಒಂದೇ ಕ್ರಮದಲ್ಲಿ ಬಂದ ಅಂದಾಜುಗಳನ್ನು ಇಂದಿನ ಯಾವ ಕ್ಯಾಮೆರಾವೂ ಹಿಂದಿರುಗಿ ತೆಗೆಯಲಾರದು.

ಮುನ್ಸೂಚನೆಯೇ ಸಾಕು, ಸಮಯಕ್ಕೆ ನೋಡಿದರಾಯಿತು ಎನ್ನುವವರಿಗೆ ಉತ್ತರಕಿರೀಟ ರಾಶಿಯ ಟಿ ಕರೋನೇ ಬೋರಿಯಾಲಿಸ್ ಉತ್ತರ ಕೊಟ್ಟಿದೆ: 1866 ಮತ್ತು 1946ರಲ್ಲಿ ಸ್ಫೋಟಿಸಿದ ಅದು 2024ರಲ್ಲಿ ಮತ್ತೆ ಎಂಬ ಅಂದಾಜಿಗೆ ಒಗ್ಗದೆ ಆ ವರ್ಷ ಸುಮ್ಮನಿತ್ತು. ಕಾವಲಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಯು ಸ್ಕಾರ್ಪಿಯ ಇತಿಹಾಸದಲ್ಲೇ ಎರಡು ತೂತುಗಳಿವೆ. ಸರಾಸರಿ ಹತ್ತು ವರ್ಷಕ್ಕೊಮ್ಮೆ ಸಿಡಿಯುವ ಅದು 1917ರಿಂದ 1936ರವರೆಗೆ, 1945ರಿಂದ 1969ರವರೆಗೆ ತೆಪ್ಪಗಿತ್ತೆಂದು ನಂಬುವುದು ಕಷ್ಟ. 1927 ಮತ್ತು 1957ರ ಸುಮಾರಿಗೆ ಒಂದೊಂದು ಸ್ಫೋಟ ಕೈತಪ್ಪಿರಬೇಕು. ನವೆಂಬರ್ ಕೊನೆಗೆ ಸೂರ್ಯನೇ ಆ ಭಾಗದಲ್ಲಿರುವಾಗ ಯಾರೂ ನೋಡಲಾರರು, ನಿಜ. ಉಳಿದ ತಿಂಗಳುಗಳಲ್ಲಿ ಆಗಿದ್ದರೆ, ಒಬ್ಬ ಕಾವಲುಗಾರನಾದರೂ ಇದ್ದಿದ್ದರೆ, ಆ ಎರಡು ವರ್ಷಗಳ ಮುಂದೆ ಇಂದು ಪ್ರಶ್ನಾರ್ಥಕ ಚಿಹ್ನೆ ಇರುತ್ತಿರಲಿಲ್ಲ.