ಬೀದಿಯಲ್ಲಿ ಸುವಾರ್ತೆ ಹಾಡಿದ ಅಂಧ ಗಿಟಾರ್ ವಾದಕ ಗ್ಯಾರಿ ಡೇವಿಸ್

ಬ್ಲೂಸ್ ಎಂದರೆ ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನಾಂಗದವರ ನೋವಿನ ಹಾಡು. ಮದ್ಯದಂಗಡಿ, ಕುಣಿತದ ಮನೆಗಳಲ್ಲಿ ಬೆಳೆದ ಈ ಸಂಗೀತವನ್ನು ಅಲ್ಲಿನ ಅನೇಕ ಚರ್ಚುಗಳು ಸೈತಾನನ ಸಂಗೀತವೆಂದು ದೂರವಿಟ್ಟಿದ್ದವು. ಅಂಥ ಸಂಗೀತದ ಶ್ರೇಷ್ಠ ಗಿಟಾರ್ ವಾದಕರಲ್ಲಿ ಒಬ್ಬರು ಬ್ಯಾಪ್ಟಿಸ್ಟ್ ಪಂಗಡದ ಬೋಧಕರಾಗಿದ್ದರು ಎಂದರೆ ನಮ್ಮ ಓದುಗರಿಗೆ ಅಚ್ಚರಿಯಾಗಬಹುದು. ಅವರೇ ರೆವೆರೆಂಡ್ ಗ್ಯಾರಿ ಡೇವಿಸ್.

1896ರಲ್ಲಿ ದಕ್ಷಿಣ ಕೆರೊಲಿನಾದ ಲಾರೆನ್ಸ್‌ನಲ್ಲಿ ಹುಟ್ಟಿದ ಡೇವಿಸ್ ಹಸುಳೆಯಾಗಿದ್ದಾಗಲೇ ದೃಷ್ಟಿ ಕಳೆದುಕೊಂಡರು. ಸಾಕಿದ್ದು ಅಜ್ಜಿ. ಮುಂದೆ ಎಡಗೈಯ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿತು. ಬಲಗೈಯಲ್ಲಿ ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಬಳಸುತ್ತಿದ್ದರು. ಈ ಎರಡೇ ಬೆರಳುಗಳಿಂದ ಕೆಳಸ್ವರದ ತಾಳವನ್ನೂ ಮೇಲಿನ ರಾಗವನ್ನೂ ಒಟ್ಟಿಗೆ ನಡೆಸುತ್ತಿದ್ದ ಅವರ ವಾದನ ಕೇಳಿದರೆ ಯಾರೋ ಪಿಯಾನೋ ನುಡಿಸುತ್ತಿದ್ದಾರೆ ಎನಿಸುತ್ತದೆ. ಎಷ್ಟೋ ಕಡೆ ಹಾಡಿನ ಸಾಲನ್ನು ಬಾಯಿ ಅರ್ಧಕ್ಕೆ ಬಿಟ್ಟರೆ ಗಿಟಾರ್ ಅದನ್ನು ಪೂರ್ತಿ ಮಾಡುತ್ತದೆ. ನಮಗೆ ಅವರಲ್ಲಿ ಬಹಳ ಹಿಡಿಸುವುದು ಇದೇ.

1935ರಲ್ಲಿ ಬ್ಲೈಂಡ್ ಬಾಯ್ ಫುಲ್ಲರ್ ಮತ್ತು ಬುಲ್ ಸಿಟಿ ರೆಡ್ ಜತೆ ನ್ಯೂಯಾರ್ಕಿಗೆ ಹೋಗಿ ಅವರು ಮೊದಲ ಧ್ವನಿಮುದ್ರಣ ಮಾಡಿದರು. ಫುಲ್ಲರ್ ಅವರಿಂದಲೇ ಗಿಟಾರ್ ಪಾಠ ಕಲಿತವರು. ಅಲ್ಲಿ ಡೇವಿಸ್ ಎರಡು ಬ್ಲೂಸ್ ಹಾಡಿ, ಇನ್ನು ದೇವರ ಹಾಡು ಮಾತ್ರ ಎಂದು ಪಟ್ಟು ಹಿಡಿದರು. ಮಾರಾಟವಾಗುತ್ತಿದ್ದುದು ಬ್ಲೂಸ್! ನಂತರದ ಎರಡು ದಶಕಗಳಲ್ಲಿ ಅವರ ಧ್ವನಿಮುದ್ರಣಗಳು ತೀರಾ ವಿರಳ. 1954ರಲ್ಲಿ ಹಾರ್ಮೋನಿಕಾ ವಾದಕ ಸನ್ನಿ ಟೆರಿ ಜತೆ ಮಾಡಿದ್ದು ಅವುಗಳಲ್ಲೊಂದು. ಆ ವರ್ಷಗಳಲ್ಲಿ ಹೊಟ್ಟೆಪಾಡು ನಡೆದದ್ದು ನ್ಯೂಯಾರ್ಕಿನ ಹಾರ್ಲೆಮ್ ಬೀದಿಗಳಲ್ಲಿ. ಹಾಡುವುದು, ಬೋಧಿಸುವುದು, ದಾರಿಹೋಕರು ಕೊಟ್ಟ ಚಿಲ್ಲರೆಯಲ್ಲಿ ಬದುಕುವುದು. ಮನೆಗೆ ಬಂದ ಯುವಕರಿಗೆ ಪಾಠವನ್ನೂ ಹೇಳುತ್ತಿದ್ದರು. ಸ್ಟೆಫಾನ್ ಗ್ರಾಸ್‌ಮನ್ ಅಂಥ ಶಿಷ್ಯರಲ್ಲೊಬ್ಬರು.

1960ರ ಆಗಸ್ಟಿನಲ್ಲಿ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ 'ಹಾರ್ಲೆಮ್ ಸ್ಟ್ರೀಟ್ ಸಿಂಗರ್' ಆಲ್ಬಮ್ ಸಿದ್ಧವಾಯಿತು. ಡೇವಿಸ್ ಅವರನ್ನು ಅರಿಯಲು ಇದೊಂದೇ ಸಾಕು ಎಂಬುದು ನಮ್ಮ ಅಭಿಪ್ರಾಯ. ಬೈಬಲಿನ ನ್ಯಾಯಸ್ಥಾಪಕರು ಗ್ರಂಥದ ಸಂಸೋನನ ಕಥೆಯ ಹಾಡು ಇದರಲ್ಲಿದೆ. ಅದೇ ಹಾಡನ್ನು ಪೀಟರ್, ಪಾಲ್ ಆ್ಯಂಡ್ ಮೇರಿ ತಂಡ 1962ರ ತನ್ನ ಮೊದಲ ಆಲ್ಬಮ್‌ನಲ್ಲಿ ಹಾಡಿತು. ಆ ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಯಿತು. ಬಡ ಕಲಾವಿದರ ಹಾಡುಗಳಿಂದ ಬೇರೆಯವರು ದುಡ್ಡು ಮಾಡಿಕೊಳ್ಳುವುದು ಆ ಕಾಲದಲ್ಲಿ ಮಾಮೂಲು. ಆದರೆ ಇಲ್ಲಿ ಗೌರವಧನ ಡೇವಿಸ್ ಕೈಸೇರಿತು. ಆ ಹಣದಿಂದ ಅವರೂ ಪತ್ನಿ ಆ್ಯನಿಯೂ ಕ್ವೀನ್ಸ್ ಪ್ರದೇಶದಲ್ಲಿ ಸ್ವಂತ ಮನೆ ಕೊಂಡರು. ಆಗ ಅವರಿಗೆ ಅರವತ್ತೈದು ದಾಟಿತ್ತು.

ಬೀದಿಯ ಗಾಯಕನಿಗೆ ಈಗ ದೊಡ್ಡ ವೇದಿಕೆಗಳು ದೊರೆತವು. 1964ರಲ್ಲಿ ಮಡ್ಡಿ ವಾಟರ್ಸ್, ಸಿಸ್ಟರ್ ರೋಸೆಟ್ಟಾ ಥಾರ್ಪ್ ಮೊದಲಾದವರಿದ್ದ ತಂಡದೊಂದಿಗೆ ಬ್ರಿಟನ್ ಪ್ರವಾಸ ಮಾಡಿದರು. (ಈ ಸಿಸ್ಟರ್ ಧರ್ಮಭಗಿನಿ ಅಲ್ಲ, ಗಾಸ್ಪೆಲ್ ಗಾಯಕಿ.) 1965ರಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಹಾಡಿದರು. ಶಿಷ್ಯರ ಒತ್ತಾಯಕ್ಕೆ ಕೊನೆಕೊನೆಗೆ ಬ್ಲೂಸ್ ನುಡಿಸಿದ್ದೂ ಉಂಟು. ಆದರೂ ತಾನು ಮೊದಲು ಬೋಧಕ ಎಂಬ ಮಾತು ಬಿಡಲಿಲ್ಲ. 1972ರ ಮೇ 5ರಂದು ನ್ಯೂಜೆರ್ಸಿಯಲ್ಲಿ ಕಾರ್ಯಕ್ರಮಕ್ಕೆ ಹೋಗುವ ದಾರಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 76 ವರ್ಷ.